ಸಾಲ ತಂದ ಕಸುವು

ಮಾನ್ವಿಯ ಮಕ್ಕಳಿಗೆ ಹೊಟ್ಟೆನೋವಿನ ನೆಪ ಹೇಳಿ ಶಾಲೆ ತಪ್ಪಿಸುವುದು ಅಷ್ಟು ಸುಲಭವಲ್ಲ. ನೆಪ ಬಾಯಿಂದ ಬಿದ್ದ ಕೂಡಲೇ ಮನೆಯ ಹಿರಿಯರು ಜಗನ್ನಾಥದಾಸರ ಕಥೆ ತೆಗೆಯುತ್ತಾರೆ. ನನ್ನ ಅಜ್ಜಿ ಹೇಳುತ್ತಿದ್ದದ್ದು ಹೀಗೆ: ದಾಸರು ಆಗಿನ್ನೂ ದಾಸರಾಗಿರಲಿಲ್ಲ, ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟಿ, ಗೆಜ್ಜೆ ಕಟ್ಟಿ ಕುಣಿಯುವವರೆಂದರೆ ಅವರಿಗೆ ಸದರ. ಚೀಕಲಪರವಿಯ ವಿಜಯದಾಸರು ಮಾನ್ವಿಗೆ ಬಂದವರು ಪ್ರಸಾದಕ್ಕೆ ಕರೆ ಕಳಿಸಿದರು. ಹೋಗಲು ಮನಸ್ಸಿಲ್ಲದ ಆಚಾರ್ಯರು ಹೊಟ್ಟೆನೋವು, ಬರಲಾಗುವುದಿಲ್ಲ ಎಂದು ಹೇಳಿಕಳಿಸಿದರು. "ಸುಳ್ಳು ಹೇಳಿದ್ರಲ್ಲ, ಅದ ನೋವು ಖರೇನ ಬಂತು ನೋಡವ್ವಾ" ಎನ್ನುವಾಗ ಅಜ್ಜಿ ತನ್ನ ಹೊಟ್ಟೆಯನ್ನೇ ಒತ್ತಿ ಹಿಡಿಯುತ್ತಿದ್ದಳು.

ನೋವು ಎಷ್ಟಾಯಿತೆಂದರೆ ಒಂದು ತುತ್ತು ಒಳಗೆ ಇಳಿಯದು, ಮೈ ಕರಗಿ ಕಡ್ಡಿಯಾಯಿತು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರೆ, ಯಾರನ್ನು ಹೀಗಳೆದೆಯೋ ಅವರ ಬಳಿಗೇ ಹೋಗು ಎಂದಾಯಿತು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರತ್ತ ಕೈ ತೋರಿಸಿದರು. ಗೋಪಾಲದಾಸರು ತಮ್ಮ ಆಯಸ್ಸಿನಲ್ಲಿ ನಲವತ್ತು ವರ್ಷ ತೆಗೆದು ಕೊಟ್ಟರು. ಅಜ್ಜಿಯ ಕಥೆಯಲ್ಲಿ ಆ ನಲವತ್ತು ವರ್ಷ ಬರುತ್ತಿದ್ದದ್ದು ಒಂದು ಜೋಳದ ರೊಟ್ಟಿಯಾಗಿ. ತಿಂದ ಆಚಾರ್ಯರು ಎದ್ದು ಕೂತರು, ಜಗನ್ನಾಥವಿಠಲ ಎಂಬ ಅಂಕಿತ ಪಡೆದರು, ಹರಿಕಥಾಮೃತಸಾರ ಬರೆದರು. ಸಂಪ್ರದಾಯದ ಲೆಕ್ಕದಲ್ಲಿ ಅವರು 1728ರಲ್ಲಿ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ 1809ರವರೆಗೆ ಬಾಳಿದವರು. ಅವರು ಒರಗಿ ಕೂರುತ್ತಿದ್ದರೆನ್ನುವ ಕಂಬಕ್ಕೆ ನಮ್ಮೂರಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಈ ಕಥೆಯನ್ನು ನಾನೊಮ್ಮೆ ಬಹಳ ಕೆಟ್ಟದಾಗಿ ಬಳಸಿದೆ. ಅದನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ನಾನು ಎಂ.ಎ. ವಿದ್ಯಾರ್ಥಿನಿ. ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಬಂದಿದ್ದೆ. ಅಜ್ಜಿಗೆ ಆಗ ಎಪ್ಪತ್ತರ ಹತ್ತಿರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ನಮ್ಮ ಕಡೆಯ ಹೊಲಗಳು ನೆಲ್ಲಿನ ಗದ್ದೆಗಳಾದವು. ಅಜ್ಜಿಯ ತಲೆಮಾರಿನ ಹೆಂಗಸರು ಮೂವತ್ತು ನಲವತ್ತು ವರ್ಷ ಕೆಸರಿನಲ್ಲಿ ಬಗ್ಗಿ ಸಸಿ ನಾಟಿ ಮಾಡಿದವರು. ಅವರೆಲ್ಲರ ಸೊಂಟ, ಮೊಣಕಾಲು ಒಂದೇ ಕಥೆ ಹೇಳುತ್ತವೆ. ಅಜ್ಜಿಯ ಮೊಣಕಾಲಿಗೆ ಓಣಿಯ ಡಾಕ್ಟರೊಬ್ಬ ಎರಡು ವರ್ಷದಿಂದ ಗುಳಿಗೆ ಕೊಡುತ್ತಿದ್ದ. ಪದವಿ ಏನು ಎಂದು ಯಾರೂ ಕೇಳಿರಲಿಲ್ಲ. ಹಾಳೆಯ ಪೊಟ್ಟಣದಲ್ಲಿ ಸಣ್ಣ ಬಿಳಿ ಗುಳಿಗೆಗಳು, ಮೇಲೆ ಹೆಸರಿಲ್ಲ. "ಆತನ ಕೈಗುಣ ಭಾಳ ಚಲೋ ಅದ" ಎಂದು ಅಜ್ಜಿ ನಾಲ್ಕು ಜನರಿಗೆ ಹೇಳಿ ಕಳಿಸಿದ್ದಳು. ನುಂಗಿದ ದಿನ ಸಂಜೆಗೇ ನೋವು ಇಳಿಯುತ್ತಿತ್ತು, ಹಸಿವಾಗುತ್ತಿತ್ತು, ಕಸುವು ಬಂದಂತಾಗುತ್ತಿತ್ತು. ಮುಖ ದುಂಡಗಾಗಿತ್ತು. ಬಂದವರು "ಮೈ ಕೈ ತುಂಬ್ಯಾದ" ಎಂದು ಸಂತೋಷಪಡುತ್ತಿದ್ದರು. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ದಪ್ಪವಾದದ್ದು, ಎಲ್ಲಿ ತಾಗಿದರೂ ಚರ್ಮ ನೀಲಿಗಟ್ಟುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಲಾಕ್‌ಡೌನಿನಲ್ಲಿ ಆ ಓಣಿಯ ಬಾಗಿಲು ಮುಚ್ಚಿತು. ಪೊಟ್ಟಣ ಖಾಲಿಯಾಯಿತು. ಒಂದು ವಾರ ಕಳೆದ ಮೇಲೆ ಅಜ್ಜಿ ಏಳಲೊಲ್ಲಳು. ಮೈಯೆಲ್ಲ ನೋವು, ಊಟ ಸೇರದು, ಹೊಟ್ಟೆಯಲ್ಲಿ ಏನೋ ಸಂಕಟ. ಜ್ವರವೂ ಹೆಚ್ಚಿಗೆ ಇರಲಿಲ್ಲ. ಬಿಸಿಲಿಗೆ ಹಾಗಾಗಿದೆ ಎಂದರು ಒಬ್ಬರು. ಮನೆ ತುಂಬ ಜನ, ಕೆಲಸ ಹೆಚ್ಚಾಗಿದೆ, ಅದಕ್ಕೇ ನೆಪ ಎಂದರು ಮಾವ. ನಾನು ನಗುತ್ತ, "ಏನಜ್ಜಿ, ದಾಸರ ಹೊಟ್ಟೆನೋವು ನಿನಗೂ ಬಂತೇನು?" ಎಂದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಮರುದಿನ ಬೆಳಗ್ಗೆ ಬಚ್ಚಲಲ್ಲಿ ಬಿದ್ದಿದ್ದಳು.

108ಕ್ಕೆ ಫೋನು ಮಾಡಿ ರಾಯಚೂರಿಗೆ ಒಯ್ದೆವು. ರಕ್ತದೊತ್ತಡ 80ರ ಕೆಳಗೆ. ಎಲ್ಲರಿಗೂ ಕೊರೊನಾದ ಭಯ. ನನ್ನದೇ ವಯಸ್ಸಿನ ಒಬ್ಬ ಡ್ಯೂಟಿ ಡಾಕ್ಟರ್ ಅಜ್ಜಿಯ ಮುಖವನ್ನೂ, ತೋಳಿನ ನೀಲಿ ಕಲೆಗಳನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಮೊಣಕಾಲಿಗೆ ಗುಳಿಗಿ ತಗೊಂತಿದ್ದರೇನು? ಯಾವಾಗ ಬಿಟ್ಟರು?" ನಾವು ಮುಖ ಮುಖ ನೋಡಿಕೊಂಡೆವು. ರಕ್ತದ ವರದಿಗೂ ಕಾಯದೆ ಅವರು 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಸೂಜಿ ಹಾಕಿಸಿದರು, ಜೊತೆಗೆ ಸಲೈನ್. ಮರುದಿನ ಮಧ್ಯಾಹ್ನ ಅಜ್ಜಿ ಎದ್ದು ಕೂತು ರೊಟ್ಟಿ ಕೇಳಿದಳು.

ಆಗ ನನಗೆ ಗೋಪಾಲದಾಸರ ರೊಟ್ಟಿ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆಚ್ಚು ನೆನಪಾದದ್ದು ಅವಳು ಗೋಡೆಯ ಕಡೆ ಹೊರಳಿದ್ದು. ಈಗ ನಾನು ವೈದ್ಯಕೀಯದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಆ ವಿಷಯಕ್ಕೆ ಬಂದದ್ದು ಆ ಒಂದು ಸೂಜಿಯ ಹಿಂದೆ ಹೋಗಿ. ಅದರ ಹಿಂದೆ ಸುಮಾರು ನಾಲ್ಕೂವರೆ ಶತಮಾನಗಳ ಕಥೆಯಿದೆ.

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಒಂದೊಂದರ ತೂಕ ನಾಲ್ಕೈದು ಗ್ರಾಂ. ಸುತ್ತ ಕೊಬ್ಬು ಇರುವುದರಿಂದ ಹಳೆಯ ಅಂಗರಚನಾಶಾಸ್ತ್ರಜ್ಞರ ಚಾಕುವಿಗೆ ಅವು ಕೊಬ್ಬಿನ ಜೊತೆಗೇ ಹೋಗಿಬಿಡುತ್ತಿದ್ದವು. ಅವನ್ನು ಬೇರೆಯಾಗಿ ಗುರುತಿಸಿ ಬರೆದವನು ಇಟಲಿಯ ಬಾರ್ಟೊಲೊಮಿಯೊ ಯುಸ್ಟಾಕಿ, 1563ರ ಸುಮಾರಿಗೆ. ಇವೆ ಎಂದು ಗೊತ್ತಾಯಿತು, ಏತಕ್ಕೆ ಇವೆ ಎಂದು ಮಾತ್ರ ಗೊತ್ತಾಗಲಿಲ್ಲ. 1716ರಲ್ಲಿ ಫ್ರಾನ್ಸಿನ ಬೋರ್ಡೊ ಅಕಾಡೆಮಿ ಈ ಗ್ರಂಥಿಗಳ ಕೆಲಸವೇನು ಎಂದು ಹೇಳಿದವರಿಗೆ ಬಹುಮಾನ ಘೋಷಿಸಿತು. ಬಂದ ಪ್ರಬಂಧಗಳನ್ನು ಪರಿಶೀಲಿಸಿದವನು ಮುಂದೆ ರಾಜ್ಯಶಾಸ್ತ್ರದಲ್ಲಿ ದೊಡ್ಡ ಹೆಸರಾದ ಮೊಂಟೆಸ್ಕ್ಯೂ. ಒಂದೂ ಒಪ್ಪಿಗೆಯಾಗಲಿಲ್ಲ, ಬಹುಮಾನ ಯಾರಿಗೂ ಸಿಗಲಿಲ್ಲ. ಇಷ್ಟು ಶ್ರಮದಿಂದ ಆಗದ್ದು ಮುಂದೊಂದು ದಿನ ಆಕಸ್ಮಿಕವಾಗಿ ಆದೀತು ಎಂಬರ್ಥದ ಮಾತು ಹೇಳಿ ಅವನು ಕಡತ ಮುಚ್ಚಿದ.

ಆ ದಿನ ಬರಲು ಇನ್ನೂ ನೂರಮೂವತ್ತು ವರ್ಷ ಬೇಕಾಯಿತು. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಹುಡುಕುತ್ತಿದ್ದದ್ದು ಬೇರೆಯದನ್ನೇ, ಒಂದು ವಿಚಿತ್ರ ರಕ್ತಹೀನತೆಯ ಕಾರಣವನ್ನು. ಅದರ ಬೆನ್ನು ಹತ್ತಿದಾಗ ಇನ್ನೊಂದು ಬಗೆಯ ರೋಗಿಗಳು ಅವನ ಕಣ್ಣಿಗೆ ಬಿದ್ದರು. ಅವರಿಗೆ ಇಂಥದೇ ಎನ್ನುವ ನೋವಿಲ್ಲ. ಸುಸ್ತು, ದುರ್ಬಲ ನಾಡಿ, ಊಟ ಬೇಡ, ವಾಂತಿ, ಹೊಟ್ಟೆಯ ಸಂಕಟ, ದಿನದಿನಕ್ಕೆ ಕರಗುವ ಮೈ. ಇದರ ಜೊತೆ ಚರ್ಮ ಕಂಚಿನಂತೆ ಕಪ್ಪಾಗುತ್ತಿತ್ತು. ಸತ್ತ ಮೇಲೆ ದೇಹ ಕೊಯ್ದು ನೋಡಿದರೆ ಹಾಳಾಗಿದ್ದದ್ದು ಆ ಟೊಪ್ಪಿಗೆಗಳು. 1849ರಲ್ಲಿ ಒಂದು ವೈದ್ಯ ಸಂಘದ ಮುಂದೆ ಇದನ್ನು ಹೇಳಿದ, ಹೆಚ್ಚಿನವರು ಗಮನಿಸಲಿಲ್ಲ. 1855ರಲ್ಲಿ ಹನ್ನೊಂದು ರೋಗಿಗಳ ವಿವರವನ್ನು ಚಿತ್ರಗಳ ಸಹಿತ ಪುಸ್ತಕ ಮಾಡಿದ. ತನ್ನ ದೇಶದಲ್ಲಿ ಅನುಮಾನವೇ ಹೆಚ್ಚು. ಪ್ಯಾರಿಸ್ಸಿನ ವೈದ್ಯ ಟ್ರೂಸೊ ಅದನ್ನು ಒಪ್ಪಿ 'ಅಡಿಸನ್ನನ ರೋಗ' ಎಂದು ಹೆಸರಿಟ್ಟ. ಮರುವರ್ಷವೇ ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳಲ್ಲಿ ಎರಡೂ ಗ್ರಂಥಿ ತೆಗೆದು ನೋಡಿದ. ಅವು ಬದುಕಲಿಲ್ಲ. ಬಹುಮಾನಕ್ಕೆ ಯೋಗ್ಯವಾದ ಉತ್ತರ ಸಿಗದ ಅಂಗ ಇಲ್ಲದೆ ಜೀವವೇ ಇಲ್ಲ ಎಂದಾಯಿತು.

ಅಡಿಸನ್ನನ ಪುಸ್ತಕದ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ತಿಂದಿದ್ದದ್ದು ಕ್ಷಯ. ಈ ಒಂದು ಸಂಗತಿ ಅಡಿಸನ್ನನ ರೋಗವನ್ನು ಲಂಡನ್ನಿನಿಂದ ನೇರವಾಗಿ ನಮ್ಮ ಊರುಗಳಿಗೆ ತರುತ್ತದೆ. ಪಶ್ಚಿಮದ ದೇಶಗಳಲ್ಲಿ ಕ್ಷಯ ಹಿಂದೆ ಸರಿದ ಮೇಲೆ ಈ ರೋಗಕ್ಕೆ ಮುಖ್ಯ ಕಾರಣವಾದದ್ದು ದೇಹ ತನ್ನ ಗ್ರಂಥಿಯನ್ನು ತಾನೇ ಹಾಳುಮಾಡಿಕೊಳ್ಳುವ ಗುಣ. ಭಾರತದಲ್ಲಿ ಕ್ಷಯ ಇಂದಿಗೂ ಒಂದು ದೊಡ್ಡ ಕಾರಣವಾಗಿ ಉಳಿದಿದೆ. ಕ್ಷಯದ ಮೇಲೆ ದೇಶಕ್ಕೆಲ್ಲ ದಾರಿ ತೋರಿಸಲೆಂದು 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದು ನಮ್ಮದೇ ಬೆಂಗಳೂರಿನಲ್ಲಿ.

ಇಲ್ಲಿ ಇನ್ನೊಂದು ತೊಡಕಿದೆ. ಅಡಿಸನ್ ಬಿಳಿಯ ಚರ್ಮದ ಮೇಲೆ ಕಂಡ ಕಂಚಿನ ಬಣ್ಣವನ್ನು ಮಾನ್ವಿಯ ಬಿಸಿಲಲ್ಲಿ ದುಡಿಯುವ ಮೈಮೇಲೆ ಹುಡುಕುವುದು ಹೇಗೆ? ಕಪ್ಪಾದರೆ ಬಿಸಿಲು ಎನ್ನುತ್ತೇವೆ, ಸೊರಗಿದರೆ ಉಪವಾಸ ಎನ್ನುತ್ತೇವೆ, ಸುಸ್ತಾದರೆ ಸೋಮಾರಿತನ. ತಿಳಿದ ವೈದ್ಯರು ಇಂಥವರ ಮುಖ ನೋಡಿ ಬಿಡುವುದಿಲ್ಲ, ಅಂಗೈಯ ಗೆರೆ, ಒಸಡು, ನಾಲಿಗೆ, ಹಳೆಯ ಗಾಯದ ಕಲೆ ನೋಡುತ್ತಾರೆ. ಬಿಸಿಲು ತಾಗದ ಜಾಗಗಳು ಕಪ್ಪಾಗಿದ್ದರೆ ಅದು ಬಿಸಿಲಿನ ಕೆಲಸವಲ್ಲ. ಅಜ್ಜಿಗೆ ಈ ಕಪ್ಪೂ ಇರಲಿಲ್ಲ, ಯಾಕೆಂದರೆ ಅವಳ ಗ್ರಂಥಿಯನ್ನು ರೋಗ ತಿಂದಿರಲಿಲ್ಲ. ಮದ್ದು ಅದನ್ನು ನಿದ್ದೆಗೆ ತಳ್ಳಿತ್ತು. ಅದು ಗೊತ್ತಾಗಬೇಕಾದರೆ ಆ ಮದ್ದು ಎಲ್ಲಿಂದ ಬಂತು ಎಂದು ನೋಡಬೇಕು.

ಅಡ್ರಿನಲ್ ಎಂದರೆ ಒಂದರೊಳಗೆ ಎರಡು ಗ್ರಂಥಿ. ಒಳಗಿನ ತಿರುಳಿನ ಗುಟ್ಟು ಬೇಗ ಬಯಲಾಯಿತು. 1894ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಅದರ ರಸ ರಕ್ತದೊತ್ತಡವನ್ನು ಏಕಾಏಕಿ ಏರಿಸುವುದನ್ನು ಕಂಡರು. 1901ರ ಹೊತ್ತಿಗೆ ಅಮೆರಿಕದಲ್ಲಿದ್ದ ಜಪಾನಿ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಅದನ್ನು ಶುದ್ಧ ಹರಳಾಗಿ ಕೊಟ್ಟ. ಅದೇ ಅಡ್ರಿನಲಿನ್, ಇಂದು ಕ್ರಿಕೆಟ್ ಕಾಮೆಂಟರಿಯಲ್ಲೂ ಕೇಳುವ ಹೆಸರು. ಆದರೆ ಅಡಿಸನ್ನನ ರೋಗಿಗಳು ಅದರಿಂದ ಬದುಕಲಿಲ್ಲ. ಜೀವ ಹಿಡಿದಿದ್ದದ್ದು ಹೊರಗಿನ ತೊಗಟೆಯಲ್ಲಿ. 1930ರಲ್ಲಿ ಸ್ವಿಂಗಲ್ ಮತ್ತು ಫಿಫ್‌ನರ್ ಎಂಬ ಅಮೆರಿಕದ ಇಬ್ಬರು ತೊಗಟೆಯ ರಸದಿಂದ ಗ್ರಂಥಿ ತೆಗೆದ ಬೆಕ್ಕುಗಳನ್ನು ಬದುಕಿಸಿ ತೋರಿಸಿದರು. ಆ ರಸದಲ್ಲಿ ಏನೇನಿದೆ ಎಂದು ಬಿಡಿಸುವ ಕೆಲಸಕ್ಕೆ ಮೇಯೊ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್, ಸ್ವಿಟ್ಜರ್ಲೆಂಡಿನ ಟೇಡಿಯಸ್ ರೈಕ್‌ಸ್ಟೈನ್ ಕೈಹಾಕಿದರು. ರಾಶಿಗಟ್ಟಲೆ ದನದ ಗ್ರಂಥಿಗಳಿಂದ ಸಿಗುತ್ತಿದ್ದದ್ದು ಚಿಟಿಕೆಯಷ್ಟು ಪುಡಿ. ಕೆಂಡಾಲ್ ಅವಕ್ಕೆ ಎ, ಬಿ ಎಂದು ಅಕ್ಷರ ಕೊಡುತ್ತ ಹೋದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತನ್ನ ಪೈಲಟ್‌ಗಳಿಗೆ ಈ ರಸ ಕೊಡುತ್ತಿದೆ ಎಂಬ ಗಾಳಿಮಾತು ಹಬ್ಬಿ ಅಮೆರಿಕ ಸರ್ಕಾರವೂ ದುಡ್ಡು ಸುರಿಯಿತು. ಗಾಳಿಮಾತು ಸುಳ್ಳು, ದುಡ್ಡು ನಿಜ. ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ಎಂಬ ತರುಣ ದನದ ಪಿತ್ತದ ಆಮ್ಲದಿಂದ ಹೊರಟು ಮೂವತ್ತಕ್ಕೂ ಹೆಚ್ಚು ಹಂತ ದಾಟಿ 'ಇ' ಅಕ್ಷರದ ವಸ್ತುವನ್ನು ತಯಾರಿಸಿದ.

ಅದನ್ನು ಯಾರಿಗೆ ಕೊಡಬೇಕು? ಮೇಯೊ ಕ್ಲಿನಿಕ್ಕಿನಲ್ಲೇ ಇದ್ದ ಫಿಲಿಪ್ ಹೆಂಚ್ ಎಂಬ ಸಂಧಿವಾತದ ವೈದ್ಯ ಸುಮಾರು ಇಪ್ಪತ್ತು ವರ್ಷಗಳಿಂದ ಒಂದು ವಿಚಿತ್ರವನ್ನು ಗಮನಿಸುತ್ತಿದ್ದ. ಕೀಲುಗಳು ಬಾತು ಹಾಸಿಗೆ ಹಿಡಿದ ರೋಗಿಗೆ ಕಾಮಾಲೆ ಆದರೆ ಅಥವಾ ಹೆಂಗಸು ಬಸುರಾದರೆ ಕೀಲುನೋವು ತಾನಾಗಿ ಇಳಿಯುತ್ತಿತ್ತು. ಮೈಯೊಳಗೇ ಏನೋ ಒಂದು ಇದೆ ಎಂದು ಅವನ ಗುಮಾನಿ. 1948ರ ಸೆಪ್ಟೆಂಬರಿನಲ್ಲಿ 29 ವರ್ಷದ ಒಬ್ಬ ಹೆಣ್ಣುಮಗಳಿಗೆ ಆ 'ಇ' ವಸ್ತುವನ್ನು ಚುಚ್ಚಿದರು. ಹಾಸಿಗೆಯಲ್ಲಿ ಹೊರಳಲೂ ಆಗದವಳು ಕೆಲವೇ ದಿನಗಳಲ್ಲಿ ಎದ್ದು ಪೇಟೆಗೆ ಹೋಗಿ ಬಂದಳು. ಅದಕ್ಕೆ ಕಾರ್ಟಿಸೋನ್ ಎಂದು ಹೆಸರಾಯಿತು. ಎರಡೇ ವರ್ಷದಲ್ಲಿ, 1950ರಲ್ಲಿ, ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಮೂವರಿಗೂ ನೊಬೆಲ್ ಬಂತು.

ಇದನ್ನು ಓದುವಾಗ ನನಗೆ ನಮ್ಮ ಓಣಿಯ ಡಾಕ್ಟರನ ಕೈಗುಣ ಅರ್ಥವಾಯಿತು. ಅವನ ಕೈಯಲ್ಲಿ ಗುಣವಿರಲಿಲ್ಲ, ಪೊಟ್ಟಣದಲ್ಲಿತ್ತು. ನೊಬೆಲ್ ಸಮಿತಿಯನ್ನೇ ಬೆರಗುಗೊಳಿಸಿದ ಮದ್ದಿನ ವಂಶದ ಗುಳಿಗೆ ದಿನಗೂಲಿಯ ಹೆಂಗಸನ್ನು ಬೆರಗುಗೊಳಿಸದೆ ಇರುತ್ತದೆಯೆ? ಇವತ್ತು ಗದ್ದೆಗೆ ಹೋಗದಿದ್ದರೆ ಇವತ್ತಿನ ಕೂಲಿ ಇಲ್ಲ. ಸಂಜೆಗೇ ನೋವು ಇಳಿಸುವ ಗುಳಿಗೆಯನ್ನು ಅವಳು ಬೇಡ ಎನ್ನುವುದಿಲ್ಲ. ಅದನ್ನು ಕೊಟ್ಟವನಿಗೆ ಗಿರಾಕಿ ತಪ್ಪುವುದಿಲ್ಲ.

ಮದ್ದಿನ ಇನ್ನೊಂದು ಮುಖ ಹೊರಬರಲು ಹೆಚ್ಚು ದಿನ ಬೇಕಾಗಲಿಲ್ಲ. ಹೆಂಚ್ ಇದನ್ನು ರೋಗ ವಾಸಿಮಾಡುವ ಮದ್ದು ಎಂದು ಎಂದೂ ಹೇಳಲಿಲ್ಲ. ಬಿಟ್ಟರೆ ನೋವು ಮರಳುತ್ತಿತ್ತು. ಬಿಡದೆ ಕೊಟ್ಟರೆ ಮುಖ ಚಂದ್ರನಂತೆ ದುಂಡಗಾಗುತ್ತಿತ್ತು, ಸಕ್ಕರೆ ಏರುತ್ತಿತ್ತು, ಎಲುಬು ಟೊಳ್ಳಾಗುತ್ತಿತ್ತು. ಈ ಮುಖವನ್ನು ವೈದ್ಯರು ಮೊದಲೇ ಕಂಡಿದ್ದರು. ಗ್ರಂಥಿ ತಾನೇ ಅತಿಯಾಗಿ ಸ್ರವಿಸಿದಾಗ ಆಗುವ ಈ ಚಿತ್ರವನ್ನು ಅಮೆರಿಕದ ನರಶಸ್ತ್ರಜ್ಞ ಹಾರ್ವೆ ಕುಶಿಂಗ್ 1912ರಲ್ಲಿ ಮೊದಲು ಬರೆದು, 1932ರಲ್ಲಿ ಹನ್ನೆರಡು ರೋಗಿಗಳ ವಿವರದೊಂದಿಗೆ ವಿಸ್ತರಿಸಿದ್ದ. ಈಗ ಅದನ್ನು ವೈದ್ಯರೇ ಗುಳಿಗೆಯಿಂದ ತಯಾರಿಸತೊಡಗಿದ್ದರು. ನಾವು "ಮೈ ಕೈ ತುಂಬ್ಯಾದ" ಎಂದು ಹರಸಿದ್ದು ಕುಶಿಂಗನ ಚಂದ್ರಮುಖವನ್ನು.

ಎಲ್ಲಕ್ಕಿಂತ ದೊಡ್ಡ ಅಪಾಯ ಇದ್ದದ್ದು ಬಿಡುವುದರಲ್ಲಿ. ಟ್ಯಾಂಕರ್ ನೀರು ಬರುವ ಊರಲ್ಲಿ ಬಾವಿಯ ಹೂಳು ತೆಗೆಯುವವರು ಇರುವುದಿಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಕಾರ್ಟಿಸೋಲ್ ಎಷ್ಟಿದೆ ಎಂದು ನೋಡಿಕೊಂಡು ಅಡ್ರಿನಲ್‌ಗೆ ಆಜ್ಞೆ ಕಳಿಸುತ್ತದೆ. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಆಜ್ಞೆ ನಿಲ್ಲುತ್ತದೆ. ಆಜ್ಞೆಯಿಲ್ಲದ ಗ್ರಂಥಿ ತಿಂಗಳುಗಟ್ಟಲೆ ಸುಮ್ಮನಿದ್ದು ಕುಗ್ಗುತ್ತದೆ. ಒಂದು ದಿನ ಟ್ಯಾಂಕರ್ ನಿಂತರೆ ಬಾವಿಯಲ್ಲೂ ನೀರಿಲ್ಲ. ಆಗ ಜ್ವರವೋ, ಪೆಟ್ಟೋ, ಶಸ್ತ್ರಚಿಕಿತ್ಸೆಯೋ ಬಂದರೆ ರಕ್ತದೊತ್ತಡ ಹಿಡಿದು ನಿಲ್ಲಿಸುವ ಶಕ್ತಿ ಮೈಗಿರುವುದಿಲ್ಲ. ಕಾರ್ಟಿಸೋನ್ ತೆಗೆದುಕೊಳ್ಳುತ್ತಿದ್ದ ಸಂಧಿವಾತದ ರೋಗಿಯೊಬ್ಬ ಶಸ್ತ್ರಚಿಕಿತ್ಸೆಯ ನಂತರ ಹೀಗೆ ಕುಸಿದು ತೀರಿಕೊಂಡ ವರದಿ 1952ರಲ್ಲೇ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಬಂತು. ಅಂದರೆ ನಮ್ಮ ಬಚ್ಚಲಲ್ಲಿ ಆದದ್ದು ಯಾವತ್ತೋ ತಿಳಿದಿದ್ದ ವಿಷಯ. ತಿಳಿವಳಿಕೆ ಓಣಿಗೆ ಬರಲಿಲ್ಲ, ಗುಳಿಗೆ ಮಾತ್ರ ಬಂತು.

ಗುಳಿಗೆ ಬಂದದ್ದು ಹೇಗೆ ಎಂಬುದೂ ಒಂದು ಕಥೆಯೇ. 1949ರಲ್ಲಿ ಕಾರ್ಟಿಸೋನ್ ಬೆಲೆ ಗ್ರಾಂಗೆ 200 ಡಾಲರ್. ಅದನ್ನು ಇಳಿಸಿದ್ದರಲ್ಲಿ ದೊಡ್ಡ ಪಾಲು ಒಂದು ಬೂಸಲಿಯದು. 1952ರಲ್ಲಿ ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರಿ, ರಸಾಯನಶಾಸ್ತ್ರಜ್ಞರು ಹಲವು ಹಂತಗಳಲ್ಲಿ ಬೆವರಿಳಿಸಿ ಮಾಡುತ್ತಿದ್ದ ಒಂದು ಬದಲಾವಣೆಯನ್ನು ರೈಜೋಪಸ್ ಎಂಬ ಬೂಸಲಿ ಒಂದೇ ಹಂತದಲ್ಲಿ ಮಾಡುವುದನ್ನು ತೋರಿಸಿದರು. ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ಬೂಸಲಿಯ ಕುಲವೇ ಅದು. ಕಚ್ಚಾವಸ್ತು ಮೆಕ್ಸಿಕೊದ ಕಾಡುಗೆಣಸಿನಿಂದ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕ್ಕಿಳಿಯಿತು. 1955ರಲ್ಲಿ ಪ್ರೆಡ್ನಿಸೋನ್ ಬಂತು, 1958ರ ಹೊತ್ತಿಗೆ ಡೆಕ್ಸಾಮೆಥಾಸೋನ್. ಈ ಕೊನೆಯದು ಮೈಯೊಳಗಿನ ಕಾರ್ಟಿಸೋಲ್‌ಗಿಂತ ಸುಮಾರು 25 ಪಟ್ಟು ಬಲವಾದದ್ದು. ಒಂದು ಸಣ್ಣ ಬಿಳಿ ಚುಕ್ಕೆ ಸಾಕು. ನಮ್ಮ ಕಾನೂನಿನಲ್ಲಿ ಇವು ವೈದ್ಯರ ಚೀಟಿ ಇಲ್ಲದೆ ಮಾರಬಾರದ 'ಷೆಡ್ಯೂಲ್ ಎಚ್' ಪಟ್ಟಿಯ ಮದ್ದುಗಳು.

ಅಜ್ಜಿ ಆಸ್ಪತ್ರೆಯಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ. 2020ರ ಜೂನ್ 16ರಂದು ಆಕ್ಸ್‌ಫರ್ಡ್‌ನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟರೆ ವೆಂಟಿಲೇಟರ್ ಮೇಲಿದ್ದ ಕೊರೊನಾ ರೋಗಿಗಳ ಸಾವು ಮೂರನೇ ಒಂದರಷ್ಟು, ಆಮ್ಲಜನಕದ ಮೇಲಿದ್ದವರ ಸಾವು ಐದನೇ ಒಂದರಷ್ಟು ತಗ್ಗುತ್ತದೆ. ಆಮ್ಲಜನಕ ಬೇಕಿಲ್ಲದವರಿಗೆ ಲಾಭವಿಲ್ಲ. ಆ ಕೊನೆಯ ವಾಕ್ಯವನ್ನು ಎಷ್ಟು ಜನ ಓದಿದರೋ! 2021ರ ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ಬೇಕಾದವರಿಗೂ ಬೇಡದವರಿಗೂ ಹೋಯಿತು. ಮೇ ತಿಂಗಳ ಹೊತ್ತಿಗೆ ಕರ್ನಾಟಕದ ಆಸ್ಪತ್ರೆಗಳಲ್ಲಿ ಕಪ್ಪು ಶಿಲೀಂಧ್ರದ ವಾರ್ಡುಗಳು ತೆರೆದವು. ಸಕ್ಕರೆ ಕಾಯಿಲೆಯ ಮೇಲೆ ಸ್ಟೀರಾಯ್ಡ್ ಸೇರಿ ಮೈಯ ಕಾವಲು ಬಿದ್ದುಹೋದಾಗ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಬ್ಬಿದ ಆ ಬೂಸಲಿ ಹೆಚ್ಚಾಗಿ ಯಾವುದು? ರೈಜೋಪಸ್. 1952ರಲ್ಲಿ ಈ ಮದ್ದನ್ನು ಬಡವರ ಕೈಗೆಟುಕುವಂತೆ ಮಾಡಿದ ಅದೇ ಕುಲ. ಇದರಲ್ಲಿ ನೀತಿಪಾಠ ಹುಡುಕುವುದು ಇತಿಹಾಸಕಾರರ ಕೆಲಸವಲ್ಲ. ಒಂದೇ ವಸ್ತು ಜೀವ ಉಳಿಸುವುದೂ ತೆಗೆಯುವುದೂ ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಮೂರು ಲೆಕ್ಕಗಳ ಮೇಲೆ ಎನ್ನುವುದಷ್ಟೇ ಕಾಣುತ್ತದೆ.

ಈ ಲೆಕ್ಕ ಯಾರ ಕೈಯಲ್ಲಿರುತ್ತದೆ? 1947ರಲ್ಲಿ ಲಂಡನ್ನಿಗೆ ಬಂದಿದ್ದ ಅಮೆರಿಕದ ಒಬ್ಬ ಯುವ ರಾಜಕಾರಣಿ ಕುಸಿದುಬಿದ್ದ. ಅಲ್ಲಿನ ವೈದ್ಯರು ಅಡಿಸನ್ನನ ರೋಗ ಎಂದು ಗುರುತಿಸಿದರು. ಅವನೇ ಜಾನ್ ಎಫ್. ಕೆನಡಿ. ತೊಡೆಯ ಚರ್ಮದಡಿ ಹಾರ್ಮೋನಿನ ಗುಳಿಗೆ ಹುದುಗಿಸಿ, ಮುಂದೆ ಕಾರ್ಟಿಸೋನ್ ನುಂಗಿ ಅವನು ಬದುಕಿದ, ಅಧ್ಯಕ್ಷನೂ ಆದ. 1954ರಲ್ಲಿ ಅವನ ಬೆನ್ನಿನ ಶಸ್ತ್ರಚಿಕಿತ್ಸೆ ನಡೆಯಿತು. ಮರುವರ್ಷ ವೈದ್ಯ ಪತ್ರಿಕೆಯೊಂದರಲ್ಲಿ ಹೆಸರಿಲ್ಲದ '37 ವರ್ಷದ ಪುರುಷ'ನೊಬ್ಬನ ವಿವರ ಬಂತು. ಅದು ಅವನೇ ಎಂದು ಹೊರಬಿದ್ದದ್ದು ಅವನು ಸತ್ತ ಮೇಲೆ, 1967ರಲ್ಲಿ. ಕೆನಡಿ ತನ್ನ ಕಾಯಿಲೆಯ ಹೆಸರನ್ನು ಜನರಿಂದ ಬಚ್ಚಿಟ್ಟ. ಅವನಿಗೆ ಮಾತ್ರ ತಾನು ನುಂಗುವುದು ಏನು, ಬಿಟ್ಟರೆ ಏನಾಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ನಮ್ಮಜ್ಜಿಯ ವಿಷಯದಲ್ಲಿ ಹೆಸರನ್ನು ಬಚ್ಚಿಟ್ಟದ್ದು ಅವಳಿಂದಲೇ. ಅವಳು ಕಸುವನ್ನು ಸಾಲ ತಂದಿದ್ದಳು, ಕೊಟ್ಟವನು ಬಡ್ಡಿ ಹೇಳಿರಲಿಲ್ಲ. ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಕೂಡ ನಮ್ಮವರು ಬಡ್ಡಿ ಎಷ್ಟು ಎಂದು ಕೇಳುತ್ತಾರೆ.

ಈಗ ಮತ್ತೆ ದಾಸರ ಹೊಟ್ಟೆನೋವಿಗೆ ಬರುತ್ತೇನೆ. ಅಡಿಸನ್ನನ ಪುಸ್ತಕದ ಲಕ್ಷಣಗಳನ್ನು ಮೊದಲ ಸಲ ಓದಿದ ರಾತ್ರಿ ನನಗೊಂದು ಆಸೆ ಹುಟ್ಟಿತು: ಹೊಟ್ಟೆಯ ಸಂಕಟ, ಊಟ ಸೇರದಿರುವುದು, ಕರಗುವ ಮೈ. ಶ್ರೀನಿವಾಸಾಚಾರ್ಯರಿಗೆ ಇದ್ದದ್ದು ಇದೇ ಇರಬಹುದೆ? ಇಂಥ ಆಸೆ ನನಗೊಬ್ಬಳಿಗೇ ಬಂದದ್ದಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ 1817ರಲ್ಲಿ ತೀರಿಕೊಂಡಳು. 1964ರಲ್ಲಿ ಝಕಾರಿ ಕೋಪ್ ಎಂಬ ಶಸ್ತ್ರವೈದ್ಯರು ಅವಳ ಪತ್ರಗಳಲ್ಲಿನ ಸುಸ್ತು, ಹೊಟ್ಟೆಯ ತೊಂದರೆ, ಮುಖದ ಬಣ್ಣ ಕೆಟ್ಟ ಮಾತುಗಳನ್ನೆಲ್ಲ ಕೂಡಿಸಿ ಅದು ಅಡಿಸನ್ನನ ರೋಗ ಎಂದರು. ದಶಕಗಳ ಕಾಲ ಅದೇ ಸತ್ಯವಾಗಿ ಓಡಾಡಿತು. 2009ರಲ್ಲಿ ಕ್ಯಾಥರಿನ್ ವೈಟ್ ಎಂಬುವರು ಅದೇ ಪತ್ರಗಳನ್ನು ಮತ್ತೆ ಓದಿ ಇದು ಹೊಂದುವುದಿಲ್ಲ, ಕ್ಷಯ ಇದ್ದೀತು ಎಂದು ವಾದಿಸಿದರು. ಕೋಪ್ ವೈದ್ಯರಾಗಿ ಓದಿದ್ದರೆ, ವೈಟ್ ಸ್ವತಃ ಅಡಿಸನ್ನನ ರೋಗದೊಂದಿಗೆ ಬದುಕುತ್ತಿದ್ದವರು. ಆ ಸುಸ್ತು ಹೇಗಿರುತ್ತದೆ ಎಂದು ಅವರಿಗೆ ಮೈಯಿಂದಲೇ ಗೊತ್ತಿತ್ತು.

ಆಸ್ಟೆನ್‌ಳ ಕೈಬರಹದ ಪತ್ರಗಳಾದರೂ ಇವೆ. ದಾಸರ ವಿಷಯದಲ್ಲಿ ಇರುವುದು ಭಕ್ತರು ಹೇಳುತ್ತ ಬಂದ ಕಥೆ. ಆ ಕಥೆಯ ಹೊಟ್ಟೆನೋವು ಇರುವುದು ಪಂಡಿತನ ಅಹಂಕಾರ ಇಳಿಸಲು. ಅದಕ್ಕೆ ಗ್ರಂಥಿಯ ಹೆಸರು ಅಂಟಿಸಿದರೆ ಕಥೆಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಹಾಗಾಗಿ ಆ ಆಸೆಯನ್ನು ಬಿಟ್ಟೆ. ಆದರೆ ಕಥೆಯನ್ನು ಬಿಡಲಿಲ್ಲ. ಅದನ್ನು ಈಗ ಕೇಳಿದರೆ ನನಗೆ ಬೇರೆ ಒಂದು ಜಾಗ ಕಾಣುತ್ತದೆ. ನಾವೆಲ್ಲ ನೆನಪಿಡುವುದು ಆಚಾರ್ಯರು ಸುಳ್ಳು ಹೇಳಿದ್ದನ್ನು. ಅವರು ನೋವೆಂದು ಎರಡನೇ ಸಲ ಬಂದಾಗ ವಿಜಯದಾಸರಾಗಲಿ ಗೋಪಾಲದಾಸರಾಗಲಿ 'ಇದೂ ನೆಪವೇ?' ಎಂದು ಕೇಳಲಿಲ್ಲ. ಅವಮಾನ ಮಾಡಿದವನ ನೋವನ್ನೂ ನಂಬಿದರು. ರೊಟ್ಟಿ ಕೊಟ್ಟದ್ದು ಅದಾದ ಮೇಲೆ.

ಅಜ್ಜಿಯ ಬಾವಿಯಲ್ಲಿ ಮತ್ತೆ ನೀರು ಬರಲು ಒಂದೂವರೆ ವರ್ಷ ಹಿಡಿಯಿತು. ಗುಳಿಗೆ ಏಕಾಏಕಿ ಬಿಡುವಂತಿಲ್ಲ, ವಾರ ವಾರಕ್ಕೆ ಇಷ್ಟಿಷ್ಟೇ ಇಳಿಸಬೇಕು, ಜ್ವರ ಬಂದರೆ ಹೆಚ್ಚಿಸಬೇಕು, ನಡುನಡುವೆ ಬೆಳಗಿನ ಹೊತ್ತು ರಕ್ತ ಕೊಟ್ಟು ಕಾರ್ಟಿಸೋಲ್ ನೋಡಬೇಕು. ರಾಯಚೂರಿನ ಆ ಡಾಕ್ಟರ್ ಒಂದು ಚೀಟಿಯಲ್ಲಿ ಗುಳಿಗೆಯ ಹೆಸರು, ಪ್ರಮಾಣ, 'ದಿಢೀರನೆ ನಿಲ್ಲಿಸಬೇಡಿ' ಎಂಬ ಸಾಲನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಅಜ್ಜಿ ಅದನ್ನು ಮಡಿಚಿ ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡಿದ್ದಳು. ಓದಲು ಬಾರದ ಅವಳು ನನ್ನಿಂದ ಹೆಸರು ಓದಿಸಿ ಬಾಯಿಪಾಠ ಮಾಡಿದಳು. 'ಪ್ರೆಡ್ನಿಸೋಲೋನ್' ಅವಳ ಬಾಯಲ್ಲಿ 'ಪಡನಿಸಲೋನು' ಆಯಿತು. ಮೊಣಕಾಲು ನೋವಿನ ನೆರೆಯವರು ಬಂದರೆ ಈಗ ಅವರ ಪೊಟ್ಟಣ ಬಿಚ್ಚಿಸಿ ಕೇಳುತ್ತಾಳೆ: "ಇದರ ಹೆಸರೇನಂತ ಕೇಳೀಯೇನು?" ಮೊಣಕಾಲು ನೋವು ಅವಳಿಗೆ ಇಂದಿಗೂ ಇದೆ. ಕೋಲು ಹಿಡಿದು ನಡೆಯುತ್ತಾಳೆ.

ಹೋದ ವರ್ಷ ದಾಸರ ಆರಾಧನೆಯ ಹೊತ್ತಿಗೆ ಊರಲ್ಲಿದ್ದೆ. ಮಾವನ ಮೊಮ್ಮಗ ಶಾಲೆಗೆ ಹೋಗಲಾರೆ, ಹೊಟ್ಟೆನೋವು ಎಂದು ಅಜ್ಜಿಯ ತೊಡೆಯ ಮೇಲೆ ಬಿದ್ದ. ಕಥೆ ಶುರುವಾಗುತ್ತದೆ ಎಂದು ನಾನು ಕಾದೆ. ಅಜ್ಜಿ ಅವನ ಅಂಗಿ ಮೇಲೆತ್ತಿ, ಹೊಟ್ಟೆಯ ಮೇಲೆ ಕೈಯಿಟ್ಟು, "ಎಲ್ಲಿ ನೋಯ್ತದ, ತೋರ್ಸು" ಎಂದಳು. ಅವನು ಅಲ್ಲಿ ಇಲ್ಲಿ ತೋರಿಸಿದ. ಅವಳು ಸಾವಕಾಶ ಎಲ್ಲ ಕಡೆ ಒತ್ತಿ ನೋಡಿದಳು. ಆಮೇಲೆ ದಾಸರ ಕಥೆ ತೆಗೆದಳು.